ಗೊಂಬೆಯ ಎದೆಬಡಿತ

೧೪ ಮಾರ್ಚ್, ಭಾನುವಾರ

ಪ್ರೀತಿಯ ಪುಟ್ಟೀ,

ನಿನ್ನ ಫೋನು ಎತ್ತದೆ ಮೂರು ವಾರವಾಯಿತು. ಕೋಪ ಬಂದಿರುತ್ತದೆ, ಬರಲಿ, ಅಪ್ಪನದೇ ತಪ್ಪು. ನಿಮ್ಮಮ್ಮನ ನೆಗಡಿ ವಾಸಿಯಾಗಿದೆ. ಹೌಸ್ ಸರ್ಜನ್ ಆದೆನೆಂದು ಡ್ಯೂಟಿ ನೆಪದಲ್ಲಿ ಊಟ ಬಿಡಬೇಡ. ರೋಗಿಗೆ ಹೇಳುವ ಬುದ್ಧಿ ಡಾಕ್ಟರಿಗೂ ಇರಬೇಕು.

ಇಲ್ಲಿಯ ದೊಡ್ಡ ಸುದ್ದಿಯೆಂದರೆ ನಮ್ಮ ಮೆಡಿಕಲ್ ಕಾಲೇಜಿಗೆ ಗೊಂಬೆ ಬಂದಿದೆ! ಆಳೆತ್ತರ ಇದೆ, ಉಸಿರಾಡುತ್ತದೆ, ಕಂಪ್ಯೂಟರಿನಲ್ಲಿ ಗುಂಡಿ ಒತ್ತಿದರೆ ಎದೆಯಲ್ಲಿ ಬೇಕಾದ ಕಾಯಿಲೆಯ ಸದ್ದು ಹೊರಡಿಸುತ್ತದೆ. ಇಟ್ಟುಕೊಳ್ಳೋಣವೋ ವಾಪಸ್ ಕಳಿಸೋಣವೋ ಬರೆದುಕೊಡಿ ಎಂದು ಪ್ರಿನ್ಸಿಪಾಲರು ನನ್ನ ತಲೆಗೆ ಕಟ್ಟಿದರು. ಎದೆಯ ಸದ್ದು ಆಲಿಸುವುದನ್ನು ಕಲಿಸುತ್ತಾ ಮೂವತ್ತು ವರ್ಷದಿಂದ ಬೆನ್ನ ಹಿಂದೆ ‘ಕಿವಿ ಮೇಷ್ಟ್ರು’ ಅನ್ನಿಸಿಕೊಂಡವನಲ್ಲವೇ ನಾನು!

ವಿದ್ಯಾರ್ಥಿಗಳು ಅದಕ್ಕೆ ಮುಗಿಬಿದ್ದಿದ್ದಾರೆ. “ಒಬ್ಬ ರೋಗಿ ಎದೇನ ಇಪ್ಪತ್ತು ಜನ ಸಾಲಾಗಿ ನೋಡಿದ್ರೆ ಪಾಪ ಅನ್ಸುತ್ತೆ ಸಾರ್. ಇದಾದ್ರೆ ಬೇಜಾರು ಮಾಡ್ಕೊಳಲ್ಲ,” ಅಂದಳು ಕೊನೇ ವರ್ಷದ ಕನ್ನಡಕದ ಹುಡುಗಿ. “ಬೇಜಾರು ಮಾಡ್ಕೊಳ್ಳೋರ ಹತ್ರಾನೇ ಕಲೀಬೇಕು ಕಣಮ್ಮಾ. ತಣ್ಣಗಿನ ಸ್ಟೆತೊಸ್ಕೋಪ್ ಇಟ್ರೆ ಗೊಂಬೆ ಬೆಚ್ಚಿಬೀಳುತ್ತಾ?” ಅಂದೆ. ಎಲ್ಲರೂ ನಕ್ಕರು, ಅವಳೂ ನಕ್ಕಳು.

ಗುರುವಾರ ಗೊಂಬೆಯ ಪರೀಕ್ಷೆ. ಆ ಕನ್ನಡಕದ ಹುಡುಗಿ ಒಂದು ಕಾಯಿಲೆಯ ಗುಂಡಿ ಒತ್ತಿದಳು, ನಾನು ಆಲಿಸಿದೆ. ಮಾಮೂಲಿ ಲಬ್ ಡಬ್ ಬಡಿತ ಬಿಟ್ಟರೆ ಏನೂ ಇಲ್ಲ. “ಯಂತ್ರ ಕೆಟ್ಟಿದೆ,” ಅಂದೆ. ಅವಳು ಬಗ್ಗಿ ಕೇಳಿ, “ಇಲ್ಲ ಸಾರ್, ಸಣ್ಣಗೆ ಊದಿದ ಹಾಗೆ ಕೇಳ್ತಿದೆ,” ಅಂದಳು. ಅಲ್ಲಿದ್ದ ಉಳಿದ ಆರು ವಿದ್ಯಾರ್ಥಿಗಳು ಒಬ್ಬೊಬ್ಬರಾಗಿ ಕೇಳಿ, ನನ್ನ ಮುಖ ನೋಡಿ, “ಏನೂ ಇಲ್ಲ ಸಾರ್,” ಅಂದರು. “ಕಂಪ್ಯೂಟರ್ ನೋಡಿಕೊಂಡು ಕಿವಿಗೆ ಹೇಳಿಕೊಡ್ಬೇಡ,” ಎಂದು ಅವಳಿಗೆ ಎಲ್ಲರೆದುರು ಗದರಿದೆ. ‘ದೋಷವಿದೆ, ವಾಪಸ್ ಕಳಿಸಿ’ ಎಂದು ಬರೆದಿಟ್ಟಿದ್ದೇನೆ. ನಾಳೆ ಕೊಡಬೇಕು.

ನಿನ್ನ ಕೈಗುಣ ಹೆಚ್ಚಲಿ. ನಿನ್ನನ್ನು ಮರೆತೇಬಿಡುವಷ್ಟು ಆರೋಗ್ಯವಾಗಿ ನಿನ್ನ ರೋಗಿಗಳು ಮನೆಗೆ ಹೋಗಲಿ.

ನಿನ್ನ
ಅಪ್ಪ

ತಾ.ಕ.: ಕವರು ಅಂಟಿಸಲು ಹೋದೆ, ಕೈ ಬರಲಿಲ್ಲ. ಶುಕ್ರವಾರದ್ದನ್ನು ಮುಚ್ಚಿಟ್ಟಿದ್ದೆ. ವಾರ್ಡಿನಲ್ಲಿ ಒಬ್ಬ ಟೈಲರನ ಎದೆ ನೋಡಿ “ಏನೂ ತೊಂದ್ರೆ ಇಲ್ಲ” ಅಂದೆ. ಸಂಜೆ ಸ್ಕ್ಯಾನಿನಲ್ಲಿ ಹೃದಯದ ಕವಾಟ ಸೋರುವುದು ಕಂಡಿತು. ಸದ್ಯ, ತಡವಾಗಿಲ್ಲ. ಬೆಳಿಗ್ಗೆ ನನ್ನ ಜೊತೆಯಲ್ಲೇ ಅವನ ಎದೆ ಆಲಿಸಿದ್ದ ಆ ಕನ್ನಡಕದ ಹುಡುಗಿಯನ್ನು ಕರೆದು ಕೇಳಿದರೆ, “ನಂಗೆ ಕೇಳಿಸಿತ್ತು ಸಾರ್,” ಎಂದು ತಲೆ ತಗ್ಗಿಸಿದಳು. ಅವಳ ಬಾಯಿ ಮುಚ್ಚಿಸಿದ್ದು ನಾನೇ. ಗೊಂಬೆ ಸರಿಯಾಗಿದೆ ಪುಟ್ಟೀ, ಕೆಟ್ಟಿರುವುದು ನನ್ನ ಕಿವಿ. ವರದಿಯನ್ನು ಈಗ ಹರಿದು ಹಾಕಿದೆ. ನಾಳೆ ಅವರೆಲ್ಲರ ಎದುರು ಹೇಳುತ್ತೇನೆ.

ಫೋನಿನಲ್ಲಿ ನಿನ್ನ ಮಾತು ಅರ್ಧವೂ ಕೇಳಿಸುವುದಿಲ್ಲ, ಸುಮ್ಮನೆ ಹೂಂಗುಡುತ್ತಿದ್ದೆ. ಕೊನೆಯ ಸಲ ನೀನು ನಗುತ್ತಿದ್ದೀಯೆಂದುಕೊಂಡು ನಾನೂ ಜೋರಾಗಿ ನಕ್ಕೆ. ಆಮೇಲೆ ನಿನ್ನ ಮೆಸೇಜು ಬಂತು: “ನಾನು ಅಳ್ತಿದ್ದೆ ಅಪ್ಪ.” ಅಂದಿನಿಂದ ಫೋನು ಎತ್ತಲು ಹೆದರಿಕೆ.

ಯಾಕೆ ಅಳುತ್ತಿದ್ದೆ ಮಗಳೇ? ಬರೆದು ತಿಳಿಸು. ಕಣ್ಣು ಇನ್ನೂ ನೆಟ್ಟಗಿದೆ.