ಚಿಟಿಕೆ ತಾಮ್ರ ಎಂದರೆ ಎಷ್ಟು?

ಕ್ರಿ.ಶ. ೨೩೯೧, ನಮ್ಮ ಹೊಸ ಪಂಚಾಂಗದ ಹದಿಮೂರನೆಯ ತಿಂಗಳ ಇಪ್ಪತ್ತನಾಲ್ಕನೆಯ ದಿನ
ಆವಿಗೆ ಓಣಿ, ಖಾನಾಪುರ

ನಾಲ್ಕು ನೂರು ವರ್ಷಗಳ ಹಿಂದೆ ಸೀಸವಿಲ್ಲದ ಪಿಂಗಾಣಿ ಬಿಲ್ಲೆಯನ್ನು ಮೊದಲು ಸುಟ್ಟ ಹಿರಿಯರಿಗೆ ಕುಂಬಾರರ ಚಂಪವ್ವ ಮಾಡುವ ನಮಸ್ಕಾರಗಳು.

ನನ್ನ ಕನ್ನಡ ನಿಮಗೆ ವಿಚಿತ್ರವೆನಿಸಿದರೆ ಕ್ಷಮಿಸಬೇಕು. ನಿಮ್ಮದೂ ನನಗೆ ಹಾಗೆಯೇ ಕಾಣುತ್ತದೆ. ನೀವು ಬರೆದಿಟ್ಟದ್ದನ್ನು ಓದಿ ಓದಿ ತಲೆ ಕೆಟ್ಟು ಹೋಗಿದೆ.

ನಾವು ನುಡಿಬಿಲ್ಲೆ ಎನ್ನುವುದು ನಿಮ್ಮ ಕಾಲದ ಪೀಜೋ ಪಿಂಗಾಣಿಯನ್ನೇ. ಒತ್ತಿದರೆ ವಿದ್ಯುತ್ ಕೊಡುತ್ತದೆ, ವಿದ್ಯುತ್ ಹರಿಸಿದರೆ ನಡುಗಿ ದನಿ ಮಾಡುತ್ತದೆ. ಇಲ್ಲಿ ಪ್ರತಿ ಮನೆಯ ಹೊಸ್ತಿಲಲ್ಲೂ ಒಂದಿದೆ, ಕಾಲಿಟ್ಟರೆ ಪಡಸಾಲೆಯ ದೀಪ ಹೊತ್ತಿಕೊಳ್ಳುತ್ತದೆ. ಹೊಸ್ತಿಲು ತುಳಿಯಬಾರದೆಂಬ ಶಾಸ್ತ್ರ ಹೋಗಿ, ತುಳಿಯದೆ ದಾಟಿದವರು ಬೈಸಿಕೊಳ್ಳುವ ಕಾಲ ಬಂದಿದೆ. ಅದೇ ಬಿಲ್ಲೆಯನ್ನು ಚಿಕ್ಕದಾಗಿ ಮಾಡಿ ಕಿವಿಯ ಹಿಂದೆ ಕಟ್ಟಿದರೆ ಕಿವುಡರಿಗೂ ಕೇಳಿಸುತ್ತದೆ.

ನನ್ನ ಅವ್ವ ಶಂಕ್ರೆವ್ವನದು ಹಳೆಯ ಸೀಸದ ಬಿಲ್ಲೆ. ಸೀಸ ಬಾವಿಗೆ ಇಳಿಯುತ್ತದೆಂದು ಊರಿನವರು ಕಳೆದ ಬೇಸಿಗೆಯಲ್ಲಿ ಅಂಥವನ್ನೆಲ್ಲ ತೆಗೆದುಕೊಂಡು ಹೋದರು. ಅದು ಸರಿಯೇ. ಆದರೆ ಅಂದಿನಿಂದ ಅವ್ವನಿಗೆ ಏನೂ ಕೇಳಿಸುವುದಿಲ್ಲ. "ನೀ ಬೈಯೂದು ಕೇಳದಿದ್ರ ನನಗ ಹೊತ್ತು ಹೋಗಂಗಿಲ್ಲ, ಲಗೂನ ಒಂದು ಸುಟ್ಟು ಕೊಡವಾ" ಎಂದಳು. ನಗಬೇಕೆಂದುಕೊಂಡೆ, ಅಳು ಬಂತು.

ಪೊಟ್ಯಾಸಿಯಂ, ಸೋಡಿಯಂ, ನಯೋಬಿಯಂ ಪುಡಿಗಳನ್ನು ಬೆರೆಸಿ ಬೇರೇನೂ ಹಾಕದೆ ಸುಟ್ಟೆ. ಉರಿಯಲ್ಲಿ ಅರ್ಧ ಸತ್ವ ಹಾರಿಹೋಗಿ, ಬಿಲ್ಲೆ ತೂತುತೂತಾಗಿ, ಗಾಳಿಯ ತೇವ ಕುಡಿದು ಉದುರಿತು. ಮುಂದಿನದಕ್ಕೆ ಅವ್ವನ ಕೈಯಿಂದಲೇ ತಾಮ್ರದ ಕರಿಪುಡಿ ಹಾಕಿಸಿದೆ. ಕಡಿಮೆ ಉರಿಯಲ್ಲೇ ಗಟ್ಟಿಯಾಯಿತು, ತಟ್ಟಿದರೆ ಠಣ್ ಎಂದಿತು. ಬಿಸಿ ಎಣ್ಣೆಯಲ್ಲಿ ಅದ್ದಿ ವಿದ್ಯುತ್ ಹರಿಸಿ ಅದರ ನುಡಿಯುವ ಗುಣವನ್ನು ಎಬ್ಬಿಸಲು ನೋಡಿದೆ. ಅವ್ವನ ಕಿವಿಗೆ ಕಟ್ಟಿದರೆ ಮೂಗನಂತೆ ಕುಳಿತಿತು. ಲಿಥಿಯಂ ಹಾಕಿದ ಇನ್ನೊಂದು ಮಧ್ಯಾಹ್ನ ಚೆನ್ನಾಗಿ ನುಡಿದು, ಬೆಳಗಿನ ಚಳಿಗೆ ಬರೀ ಗೊಣಗಿ, ನಾಲ್ಕು ದಿನಕ್ಕೆ ಬಿರುಕು ಬಿಟ್ಟಿತು. ಪಿಂಗಾಣಿಗೂ ಸಿಟ್ಟು ಸೆಡವು ಇರುತ್ತದೆಯೇ? ನಿಮ್ಮಲ್ಲಿ ಒಬ್ಬರು ತಾಮ್ರ ಹಾಕಿ ಎನ್ನುತ್ತೀರಿ, ಇನ್ನೊಬ್ಬರು ತಾಮ್ರ ದನಿ ತಗ್ಗಿಸುತ್ತದೆ ಎನ್ನುತ್ತೀರಿ, ಇಬ್ಬರೂ 'ಸ್ವಲ್ಪ' ಎಂದೇ ಬರೆದಿದ್ದೀರಿ. ನಾನು ಯಾರನ್ನು ನಂಬಲಿ?

ಈಗ ನಯೋಬಿಯಂ ಒಂದೇ ಬಿಲ್ಲೆಗಾಗುವಷ್ಟು ಉಳಿದಿದೆ. ಅದನ್ನು ತರುವ ಹಡಗು ಕರಾವಳಿಗೆ ಮತ್ತೆ ಬರುವುದು ಯಾವಾಗಲೋ. ಅವ್ವನ ವಯಸ್ಸು ಅಲ್ಲಿಯವರೆಗೆ ಕಾಯುವಂಥದ್ದಲ್ಲ. ತಾಮ್ರವಿಲ್ಲದೆ ಬಿಲ್ಲೆ ನಿಲ್ಲುವುದಿಲ್ಲ, ಹೆಚ್ಚಾದರೆ ನುಡಿಯುವುದಿಲ್ಲ. ನಮ್ಮ ಓಣಿಯ ಪದ್ಧತಿಯೋ ಇನ್ನೊಂದು ಗೋಳು. ಬಿಲ್ಲೆ ಯಾರಿಗೋ ಅವರೇ ಕಣ್ಣು ಮುಚ್ಚಿ ತಾಮ್ರದ ಚಿಟಿಕೆ ಹಾಕಬೇಕು, ಹಾಕುವವರನ್ನು ಯಾರೂ ಮುಟ್ಟಬಾರದು, ಪಕ್ಕದವರು ಸಾಕೆಂದಾಗ ನಿಲ್ಲಿಸಬೇಕು. ಅವ್ವ ಜೋಳ ಅಳೆದರೂ ಹಾಲು ಅಳೆದರೂ ಮೇಲೊಂದಿಷ್ಟು ಕೊಸರು ಹಾಕದೆ ಬಿಟ್ಟವಳಲ್ಲ. ಆ ತಾಮ್ರದ ಬಿಲ್ಲೆಯನ್ನು ಮೂಕವಾಗಿಸಿದ್ದು ತಾಮ್ರವೋ, ಅವಳ ಕೊಸರೋ, ನನಗೆ ತಿಳಿಯದು.

ಹಿರಿಯರೇ, 'ಸ್ವಲ್ಪ' ಎಂದರೆ ಎಷ್ಟೆಂದು ದಯವಿಟ್ಟು ಬಿಡಿಸಿ ಬರೆದಿಡಿ. ಎಷ್ಟು ಹಾಕಿದಾಗ ಕೆಟ್ಟಿತೆಂಬುದನ್ನೂ ನಾಚದೆ ಬರೆಯಿರಿ. ನಾಳೆ ನಾನು ಪಕ್ಕದಲ್ಲಿ ನಿಂತು "ಸಾಕವ್ವಾ, ಸಾಕು" ಎಂದು ಕೂಗುತ್ತೇನೆ. ಅವಳಿಗೆ ಕೇಳಿಸುವುದಿಲ್ಲ.