ಸಮುದ್ರದ ಜೊತೆ ಚೌಕಾಸಿ

ಅಳಿವೆಬೆಟ್ಟು
ಇಸವಿ 2127, ಎರಡನೆಯ ಮಳೆಗಾಲ

ನನ್ನ ಅಜ್ಜಿಯ ಅಜ್ಜಿ, ಪಟ್ಟಣ ಪಂಚಾಯತಿ ಸದಸ್ಯೆ ಸುಜಯಾ ಕರ್ಕೇರ ಅವರಿಗೆ,

ನಿಮ್ಮ ಕಾಲಕ್ಕೆ ಇನ್ನೂ ಹುಟ್ಟದ ನಾನು ನಿಮಗೆ ಬರೆಯುತ್ತಿದ್ದೇನೆ. ಕೆಲವು ಪದಗಳು ವಿಚಿತ್ರವೆನಿಸಿದರೆ ಕ್ಷಮಿಸಿ. ಮಗು ಹುಟ್ಟಿದಂದಿನಿಂದ ನಿದ್ದೆಯಿಲ್ಲ, ವಾಕ್ಯಗಳೂ ಎಲ್ಲೆಲ್ಲೋ ಹೋಗುತ್ತವೆ.

ಮಗಳು ನಿಹಾರಿಗೆ ಈಗ ಎಂಟು ತಿಂಗಳು. ಅವಳು ಮಲಗುವುದು ತೇಲುತೊಟ್ಟಿಲಲ್ಲಿ. ತಳಕ್ಕೆ ಖಾಲಿ ಡಬ್ಬ ಬಿಗಿದು, ನೀರಿನೊಂದಿಗೆ ಏರಲೆಂದು ಉದ್ದ ಹಗ್ಗದಿಂದ ಕಿಟಕಿಯ ಸರಳಿಗೆ ಕಟ್ಟಿದ ತೊಟ್ಟಿಲು ಅದು. ನಿಮ್ಮಲ್ಲಿ ಬಾಣಂತಿಗೆ ಸೀರೆ ಕೊಡುವ ಹಾಗೆ ನಮ್ಮಲ್ಲಿ ತವರಿನವರು ಇದನ್ನು ಕೊಡುತ್ತಾರೆ. ಕಡಲ ನೀರು ಬೀದಿಗೆ ನುಗ್ಗಿದರೆ ಉಪ್ಪುಗಂಟೆ ಬಾರಿಸುತ್ತಾರೆ. ಆಗ ಅಕ್ಕಿ ಅಟ್ಟಕ್ಕೆ, ಒಲೆ ಮೇಜಿನ ಮೇಲಕ್ಕೆ. ಬಾರಿಸದಿದ್ದರೂ ನನಗೆ ಕೇಳಿಸುತ್ತದೆ. ಎದ್ದು ಹಗ್ಗದ ಗಂಟು ಮುಟ್ಟಿ ನೋಡುತ್ತೇನೆ. ಮತ್ತೆ ಮುಟ್ಟಿ ನೋಡುತ್ತೇನೆ.

ನಿಮ್ಮ ಸಭೆಯ ಕಥೆಯನ್ನು ಮನೆಯಲ್ಲಿ ಇಂದಿಗೂ ತಮಾಷೆಗೆ ಹೇಳುತ್ತಾರೆ. ಬಂದರಿನ ಹತ್ತಿರ ಹೆರಿಗೆ ಆಸ್ಪತ್ರೆ ಕಟ್ಟುವ ಚರ್ಚೆ. ನೂರು ವರ್ಷದಲ್ಲಿ ಅಲ್ಲಿ ಉಬ್ಬರದ ನೀರು ಕನಿಷ್ಠ ಮೊಣಕಾಲಿಗೆ, ಕೆಟ್ಟರೆ ಎದೆಯವರೆಗೆ ಬರಬಹುದೆಂದು ಹವಾಮಾನ ವಿಜ್ಞಾನಿಗಳ ವರದಿ ಹೇಳಿತ್ತು. ಅಧ್ಯಕ್ಷ ವಾಮನ ಸುವರ್ಣರು ಮೀನಿನ ವ್ಯಾಪಾರದವರು. "ಮೊಣಕಾಲೂ ಬೇಡ, ಎದೆಯೂ ಬೇಡ ಸುಜಯಕ್ಕ. ಸೊಂಟಕ್ಕೆ ಮುಗಿಸುವ ಮಾರಾಯ್ರೆ!" ಅಂದರಂತೆ. ಎಲ್ಲರೂ ನಕ್ಕರಂತೆ. ನೀವೂ ನಗುತ್ತ ಕೈ ಎತ್ತಿದಿರಂತೆ. ಸೊಂಟದೆತ್ತರದ ಅಡಿಪಾಯದ ಮೇಲೆ ಆಸ್ಪತ್ರೆ ಎದ್ದಿತು.

ಬಂಗುಡೆ ಬುಟ್ಟಿಯ ರೇಟನ್ನು ಹಾಗೆ ನಡುವೆ ಮುಗಿಸಬಹುದು. ಸಮುದ್ರ ಆ ಚೌಕಾಸಿಗೆ ಕೂತಿರಲಿಲ್ಲ.

ನಿಹಾರಿ ಹುಟ್ಟಿದ್ದು ಅದೇ ಆಸ್ಪತ್ರೆಯಲ್ಲಿ. ಅಂದು ಉಬ್ಬರ ಆ ಅಡಿಪಾಯ ದಾಟಿತ್ತು, ಮಂಚದ ಕೆಳಗೆ ನೀರಿನ ಸದ್ದು. ನರ್ಸ್ ಲೀಲಕ್ಕ ನನ್ನ ಗಲ್ಲ ಹಿಡಿದು, "ಕೆಳಗೆ ನೋಡ್ಬೇಡ ಮಗಾ, ನನ್ನ ಮುಖ ನೋಡು" ಎಂದರು. ಪಕ್ಕದ ಮಂಚದವಳ ಮಗುವಿಗೆ ಕಾವಿನ ಪೆಟ್ಟಿಗೆ ಬೇಕಿತ್ತು. ನೀರು ಬಂದಿದ್ದರಿಂದ ಕರೆಂಟು ತೆಗೆದಿದ್ದರು. ಆ ಮಗುವಿಗೆ ಹೆಸರಿಡುವ ದಿನ ಬರಲಿಲ್ಲ.

ಈಗ ಹೊಸ ಆಸ್ಪತ್ರೆ ಕಟ್ಟಬೇಕು, ಹೊಸ ವರದಿ ಬಂದಿದೆ, ನಿಮ್ಮ ಕುರ್ಚಿಯಲ್ಲಿ ನಾನಿದ್ದೇನೆ. ಇದರಲ್ಲೂ ಒಂದು ಕನಿಷ್ಠ, ಒಂದು ಗರಿಷ್ಠ. ಗರಿಷ್ಠ ಹಿಡಿದರೆ ಆಸ್ಪತ್ರೆ ಗುಡ್ಡದ ಮೇಲೆಯೇ ಆಗಬೇಕು. ನಿನ್ನೆ ನಮ್ಮ ಅಧ್ಯಕ್ಷೆ, "ಎಂತ ಮಾರಾಯ್ತಿ, ಬಸುರಿಯರು ಗುಡ್ಡ ಹತ್ತುವುದು ಹೇಗೆ? ನಡುವೆ ಮುಗಿಸುವ" ಎಂದರು. ಒಂದು ಗಳಿಗೆ ನನಗೂ ಸರಿ ಅನ್ನಿಸಿಬಿಟ್ಟಿತು. ಈ ಕಾಗದ ಬರೆಯಲು ಕೂತದ್ದು ಅದಕ್ಕೇ.

ಸುಜಯಜ್ಜಿ, ನೀವು ಇದನ್ನು ಓದುವ ಹೊತ್ತಿಗೆ ನಿಮ್ಮ ಸಭೆ ಇನ್ನೂ ನಡೆದಿಲ್ಲ. ಮೀನು ಮಾರುವ ಕಟ್ಟೆ ಕೆಳಗೇ ಇರಲಿ, ನೀರು ಬಂದ ದಿನ ಬುಟ್ಟಿ ಎತ್ತಿಕೊಂಡು ಓಡಬಹುದು. ಹೆರಿಗೆ ನೋವಿನಲ್ಲಿರುವವಳು ಓಡಲಾರಳು. ಆಸ್ಪತ್ರೆಗೆ ಎದೆಯ ಅಳತೆಯನ್ನೇ ಹಿಡಿಯಿರಿ, ಗುಡ್ಡಕ್ಕೆ ಒಂದು ರಸ್ತೆ ಕೇಳಿ. ಎಲ್ಲರೂ ನಗುವಾಗ ನೀವೊಬ್ಬರು ಕೈ ಎತ್ತಬೇಡಿ.

ನಾನೀಗ ನನ್ನ ಸಭೆಗೆ ಹೊರಡಬೇಕು. ನಿಹಾರಿಯನ್ನು ಸೊಂಟದ ಮೇಲೆ ಕೂರಿಸಿಕೊಂಡೇ ಹೋಗುತ್ತೇನೆ. ಸೊಂಟದವರೆಗೆ ಎಂದರೆ ನೀರು ಯಾರನ್ನು ಮುಟ್ಟುತ್ತದೆ ಎಂದು ಅವರು ಅವಳ ಪಾದ ನೋಡಿ ಹೇಳಲಿ.

ನಿಮ್ಮ ಮೊಮ್ಮಗಳ ಮೊಮ್ಮಗಳು,
ಚೈತಾಲಿ