ನನ್ನ ನೋವಿಗೆ ನಿಮ್ಮ ಬಾಯಿ

ಆದೋನಿ,
11-11-2024

ಪ್ರತಿಮಾಳ ಅಪ್ಪನವರಿಗೆ, ವೀರಬಸಮ್ಮನ ನಮಸ್ಕಾರಗಳು.

ಕೈಯಲ್ಲಿ ಫೋನಿರುವಾಗ ಕಾಗದವೇಕೆ ಎನ್ನುತ್ತೀರಿ. ಫೋನಿನಲ್ಲಾದರೆ ನಾನು ಒಂದು ಮಾತು ಮುಗಿಸುವಷ್ಟರಲ್ಲಿ ನೀವು ನಾಲ್ಕು ಆಡಿರುತ್ತೀರಿ. ಕಾಗದದ ನಡುವೆ ಬಾಯಿ ಹಾಕಲು ಬರುವುದಿಲ್ಲ.

ಆರು ವರ್ಷ ನನ್ನನ್ನು ಆಸ್ಪತ್ರೆಗಳಿಗೆ ತಿರುಗಿಸಿದಿರಿ, ಇಲ್ಲವೆನ್ನುವುದಿಲ್ಲ. ಆದರೆ ಡಾಕ್ಟರು ನನ್ನ ಮುಖ ನೋಡಿ ಕೇಳಿದ್ದಕ್ಕೆಲ್ಲ ನೀವೇ "ಮೋಕಾಲು ನೊಪ್ಪಿ ಸಾರ್, ಅಂತೇ" ಎಂದು, ಮೊಣಕಾಲು ನೋವು ಅಷ್ಟೇ ಎಂದು, ತೆಲುಗಿನಲ್ಲಿ ಮುಗಿಸಿಬಿಡುತ್ತಿದ್ದಿರಿ. ನನಗೇನು ತೆಲುಗು ಬರುವುದಿಲ್ಲವೇ? ಮೊಣಕಾಲು ಸವೆದಿರುವುದು ನಿಜ. ಆದರೆ ಪಾದ ಉರಿಯುತ್ತದೆ, ಕರೆಂಟು ಹೊಡೆದಂತಾಗುತ್ತದೆ, ಜೋಮು ಹಿಡಿಯುತ್ತದೆ ಎಂದು ಹೇಳಹೋದರೆ "ಸುಮ್ಕಿರು, ಎಲ್ಲಾ ಒಂದೇ ನೋವು" ಎಂದಿರಿ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆದ ಹಾಗೆ ಮೊಣಕಾಲಿಗೇ ಸೂಜಿ, ಮೊಣಕಾಲಿಗೇ ಮುಲಾಮು. ಈಗ ನನ್ನನ್ನು ಕೇಳದೆ ಮೊಣಕಾಲಿನ ಆಪರೇಷನ್ನಿಗೂ ದಿನ ಗೊತ್ತು ಮಾಡಿದ್ದೀರಿ.

ನಾನು ಕಾಲುಂಗುರ ತೆಗೆದಿಟ್ಟ ದಿನ ನೆನಪಿದೆಯೇ? ಬೆರಳಿಗೆ ಬೆಳ್ಳಿ ತಾಗಿದರೆ ಕೆಂಡ ತಾಗಿದಂತಾಗುತ್ತಿತ್ತು, ಅದಕ್ಕೆ ತೆಗೆದೆ. ಅತ್ತೆಯವರು ಓಣಿಗೆಲ್ಲ ಕೇಳುವಂತೆ ಬೈದರು. ನೀವು "ನಾನ್ ಸತ್ತೀನೇನು?" ಎಂದು ತಟ್ಟೆ ಸರಿಸಿ ಎದ್ದಿರಿ. ಯಾಕೆ ತೆಗೆದೆ ಎಂದು ಒಬ್ಬರೂ ಕೇಳಲಿಲ್ಲ. ಮರುದಿನವೇ ತಂಗಿ ನಾಗಜ್ಯೋತಿಯ ಮನೆಗೆ ಬಂದೆ. ಆ ಸಿಟ್ಟು ಇನ್ನೂ ಇಳಿದಿಲ್ಲ.

ಮೊನ್ನೆ ಇಲ್ಲಿ ಹಾರಿಕಾ ಎಂಬ ಡಾಕ್ಟರಮ್ಮನ ಬಳಿ ಒಬ್ಬಳೇ ಹೋದೆ. ಅವರು ನನ್ನ ಬರಿಬೆರಳು ನೋಡಿ, ಉಂಗುರ ಯಾಕಿಲ್ಲ ಎಂದು ಕೇಳಿದರು. ಹೇಳಿದೆ. ಒಂದು ಎಳೆ ಹತ್ತಿ ತೆಗೆದು ಪಾದಕ್ಕೆ ಸೋಕಿಸಿದರು. ಬುದ್ಧಿ ಬಂದಾಗಿನಿಂದ ಹತ್ತಿ ಬಿಡಿಸಿದವಳು ನಾನು, ಆ ಎಳೆಗೆ ಕಾಲೆಳೆದುಕೊಂಡು ಅತ್ತುಬಿಟ್ಟೆ. ಕೀಲಿನ ನೋವು ಬೇರೆ, ನರದ ನೋವು ಬೇರೆ, ನನಗೆ ಎರಡೂ ಇವೆ ಎಂದರು. ನರದ್ದು ಎಕ್ಸ್‌ರೇಯಲ್ಲಿ ಕಾಣುವುದಿಲ್ಲವಂತೆ, ನೊಂದವರನ್ನೇ ಕೇಳಬೇಕಂತೆ. ಬೇರೆ ಗುಳಿಗೆ ಕೊಟ್ಟಿದ್ದಾರೆ, ಇನ್ನೂ ಪರೀಕ್ಷೆಗಳಿವೆ. ಅದೆಲ್ಲ ಮುಗಿಯುವವರೆಗೆ ಆಪರೇಷನ್ ಬೇಡ ಎಂದಿದ್ದಾರೆ.

ಆ ದಿನವನ್ನು ನೀವೇ ರದ್ದು ಮಾಡಿಸಿ. ಮಾಡಿಸಿದ ಮೇಲೆ ಹೊಳಗುಂದದ ನಮ್ಮ ಮನೆಗೆ ಬರುತ್ತೇನೆ. ಬರಿಬೆರಳಲ್ಲೇ ಬರುತ್ತೇನೆ.

ಇಂತಿ,
ನಿಮ್ಮ ಮನೆಯಾಕೆ
ವೀರಬಸಮ್ಮ

ತಾ.ಕ.: ನಿನ್ನೆ ಅತ್ತೆಯವರು ಪಕ್ಕದ ಮನೆಯ ಲಿಂಗಕ್ಕನ ಫೋನಿನಿಂದ ಮಾತಾಡಿದರು. ಪಾದದ ಉರಿಯ ವಿಷಯ ನಾನು ಹೇಳಿದಾಗ ದನಿ ತಗ್ಗಿಸಿ, "ನನಗೂ ಹಂಗೇ ಉರಿತೈತವ್ವ. ಹನ್ನೆರಡು ವರ್ಷ ಆತು, ಯಾರಿಗೂ ಹೇಳಿಲ್ಲ" ಎಂದರು. ಗುರುವಾರ ಅವರನ್ನು ಕರೆದುಕೊಂಡು ಬನ್ನಿ. ಡಾಕ್ಟರಮ್ಮ ಕೇಳುವಾಗ ನೀವು ಹೊರಗೆ ಬೆಂಚಿನ ಮೇಲೆ ಕೂತಿರಿ.